ಕೆಸರಕ್ಕನ ತಡಿಕೆಗಳು

ಆ ಕೊಲ್ಲಿಯ ದಂಡೆಯಲ್ಲಿ ನೆಲ ಯಾವುದು, ನೀರು ಯಾವುದು ಎಂದು ತೀರ್ಮಾನಿಸುತ್ತಿದ್ದುದು ಹಸು. ಉಬ್ಬರಕ್ಕೆ ಮುಳುಗಿ ಇಳಿತಕ್ಕೆ ಏಳುವ ಕೆಸರು ಯಾರ ಸ್ವತ್ತೂ ಅಲ್ಲ. ಅದರಲ್ಲಿ ಯಾರು ಬೇಕಾದರೂ ಗೂಟಗಳನ್ನು ನೆಟ್ಟು, ಗೂಟಗಳ ನಡುವೆ ಕಡ್ಡಿಗಳನ್ನು ಹೆಣೆದು ತಡಿಕೆ ಕಟ್ಟಬಹುದಿತ್ತು. ಇಷ್ಟವಿಲ್ಲದವರು ಅದನ್ನು ಕಿತ್ತೆಸೆಯಲೂಬಹುದಿತ್ತು. ತಡಿಕೆ ಉಬ್ಬರದ ನೀರನ್ನು ತಡೆಯುವುದಿಲ್ಲ, ಒಳಗೆ ಬಿಡುತ್ತದೆ. ಹೊರಗೆ ಹೋಗುವಾಗ ಮಾತ್ರ ಅದರ ಓಟವನ್ನು ನಿಧಾನಗೊಳಿಸುತ್ತದೆ. ನಿಧಾನಗೊಂಡ ನೀರು ಹೊತ್ತು ತಂದ ಹೂಳನ್ನು ಅಲ್ಲಿಯೇ ಇಳಿಸಿ ಬರಿಗೈಯಲ್ಲಿ ಮರಳುತ್ತದೆ. ಹಾಗೆ ವರ್ಷಗಟ್ಟಲೆ ಇಳಿದ ಹೂಳು ಗಟ್ಟಿಯಾಯಿತೆಂದು ತಡಿಕೆ ಕಟ್ಟಿದವರಿಗೆ ಅನ್ನಿಸಿದಾಗ ಅವರು 'ಹಸು ಕರೆಯುತ್ತಿದ್ದರು'. ಎಂದರೆ, ವರ್ಷದ ಅತಿ ದೊಡ್ಡ ಇಳಿತದ ದಿನ ಐವರು ಹಿರಿಯರ ಎದುರಿಗೆ ಒಂದು ಹಸುವನ್ನು ಆ ಹೂಳಿನ ಮೇಲೆ ನಿಲ್ಲಿಸಿ ನೂರು ಎಣಿಸುವುದು. ಗೊರಸು ಮುಳುಗಿದರೆ ಅದು ನೀರು, ಎಲ್ಲರದು. ಮುಳುಗದಿದ್ದರೆ ಅದು ನೆಲ, ತಡಿಕೆ ಕಟ್ಟಿದವರದು; ಆ ಮೇಲೆ ಅಲ್ಲಿಯ ಒಂದು ಕಡ್ಡಿಯನ್ನೂ ಅನ್ಯರು ಮುಟ್ಟುವಂತಿಲ್ಲ. ಹಸುವಿಗೆ ನೆಂಟರಿಷ್ಟರಿಲ್ಲ, ಆದ್ದರಿಂದ ಅದರ ಸಾಕ್ಷಿಯೇ ಕೊನೆ ಎಂದು ಹಿರಿಯರು ಹೇಳುತ್ತಿದ್ದರು.

ದೋಣಿಯ ವಿಷಯಕ್ಕೆ ಸಾಕ್ಷಿ ಬೇರೆ. ದೋಣಿ ಏಕೆ ಒಡೆಯಿತು, ಯಾರ ತಪ್ಪು ಎಂಬ ಜಗಳ ಬಂದರೆ ದೋಣಿ ಕಟ್ಟುವ ಬಡಗಿಯ ಮಾತೇ ಕೊನೆ. ಇಡೀ ದಂಡೆಗೆ ಅಂಥ ಬಡಗಿ ಒಬ್ಬನೇ ಇದ್ದ. ಅವನಿಗೆ ನೆಂಟರಿದ್ದರು.

ಬಡಗಿಯ ಮನೆ ಇದ್ದುದು ಕೊಲ್ಲಿಯು ಒಳಕ್ಕೆ ಬಾಗಿ ಮುಗಿಯುವ ಮೂಲೆಯಲ್ಲಿ. ಮಿಕ್ಕ ಮೀನುಗಾರರೆಲ್ಲ ಹೊರದಂಡೆಯವರು. ಒಳಮೂಲೆಯಲ್ಲಿ ಇದ್ದುದು ಎರಡೇ ಮನೆ, ಎರಡಕ್ಕೂ ಒಂದೇ ನಡುಗೋಡೆ. ಒಂದರಲ್ಲಿ ಬಡಗಿ ಮತ್ತು ಅವನ ಹೆಂಡತಿ. ಇನ್ನೊಂದರಲ್ಲಿ ಅವನ ತಮ್ಮ ಮತ್ತು ತಮ್ಮನ ಹೆಂಡತಿ. ತಮ್ಮ ಮೀನುಗಾರ. ಮನೆಗಳ ಮುಂದೆ ದೋಣಿ ಕಟ್ಟುವ ಅಂಗಳ. ಅಲ್ಲಿ ರಾಳ ಕಾಯಿಸುವ ಒಲೆ, ಮೊಣಕಾಲುದ್ದ ಬಿದ್ದ ಮರದ ಹೆರೆತ, ಗೋಡೆಯ ಮೇಲೆ ಗಾತ್ರದ ಕ್ರಮದಲ್ಲಿ ತೂಗುಹಾಕಿದ ಬಾಚಿ, ಉಳಿ, ಕೊಡತಿಗಳು. ಅಂಗಳದಿಂದ ನೀರಿಗೆ ಇಳಿಜಾರು. ಮುಗಿದ ದೋಣಿಯನ್ನು ಉರುಳುಮರಗಳ ಮೇಲಿಟ್ಟು, ದೊಡ್ಡ ಉಬ್ಬರ ಬಂದ ದಿನ ಕಟ್ಟು ಬಿಚ್ಚಿದರೆ ಅದು ತಾನಾಗಿಯೇ ಜಾರಿ ನೀರಿಗಿಳಿಯುತ್ತಿತ್ತು. ಓರಗಿತ್ತಿಯರು ಒಂದೇ ಬಾವಿಯ ನೀರು ಸೇದುತ್ತಿದ್ದರು, ಒಬ್ಬರ ಒಲೆಯ ಕೆಂಡ ಇನ್ನೊಬ್ಬರ ಒಲೆಗೆ ಹೋಗುತ್ತಿತ್ತು. ನಡುಗೋಡೆಗೆ ಕಿವಿ ಇದ್ದಿದ್ದರೆ ಅದು ಕಿವುಡಾಗುವಷ್ಟು ಮಾತು ಅವರಿಬ್ಬರದು ಎಂದು ಹೊರದಂಡೆಯವರು ಹೇಳುತ್ತಿದ್ದರು.

ಒಂದು ವರ್ಷ ತಮ್ಮನ ದೋಣಿಯ ತಳದ ಹಲಗೆ ಸವೆದಿತ್ತು. ಅಣ್ಣ ಅದನ್ನು ತೆಗೆದು ಬೇರೆ ಹಲಗೆ ಕೂರಿಸಿ, ಮೇಲೆ ಕರಿಯ ಕೀಲೆಣ್ಣೆ ಬಳಿದು ಕೊಟ್ಟ. ಇಪ್ಪತ್ತು ದಿನವೂ ಆಗಿರಲಿಲ್ಲ. ಗಾಳಿಯಿಲ್ಲದ, ಅಲೆಯಿಲ್ಲದ ಒಂದು ಬೆಳಿಗ್ಗೆ, ಕೊಲ್ಲಿಯ ಹೊರತಿರುವಿನಲ್ಲಿ ಆ ದೋಣಿ ಇದ್ದಲ್ಲಿಯೇ ಕುಸಿಯಿತು. ದೂರದಲ್ಲಿದ್ದವರು ಹುಟ್ಟು ಹಾಕಿ ತಲುಪುವಷ್ಟರಲ್ಲಿ ನೀರಿನ ಮೇಲೆ ಉಳಿದಿದ್ದುದು ಒಂದು ಬುಟ್ಟಿ ಮಾತ್ರ. ಮೂರನೆಯ ದಿನ ದೇಹ ದಡಕ್ಕೆ ಬಂತು, ಹತ್ತನೆಯ ದಿನ ಹಲಗೆ.

ಹಲಗೆಯನ್ನು ಗುರುತಿಸಿದವಳು ತಮ್ಮನ ಹೆಂಡತಿ. ಅವಳು ಅದನ್ನು ಮನೆಗೆ ಹೊತ್ತು ತಂದು, ಅಡುಗೆಯ ಚೂರಿಯಿಂದ ಕೀಲೆಣ್ಣೆಯನ್ನು ಕೆರೆದು ನೋಡಿದಳು. ಅಡಿಯಲ್ಲಿ ಗುಂಡುಸೂಜಿಯ ತಲೆಯಿಂದ ಕಿರುಬೆರಳಿನವರೆಗೆ ನಾನಾ ಗಾತ್ರದ ತೂತುಗಳು. ಮರ ಕೊರೆಯುವ ಕಡಲಹುಳುವಿನ ಕೆಲಸ. ಪ್ರತಿಯೊಂದು ತೂತಿಗೂ ಮರದ ಪುಡಿ ಕಲಸಿದ ರಾಳವನ್ನು ತುಂಬಿ ನುಣುಪು ಮಾಡಲಾಗಿತ್ತು. ಕಡಲಹುಳು ಹಲಗೆಯನ್ನು ಕೊರೆಯಬಲ್ಲದು, ಕೊರೆದ ತೂತಿಗೆ ರಾಳ ತುಂಬಲಾರದು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಅವಳು ಹಲಗೆಯನ್ನು ಹೆಗಲ ಮೇಲಿಟ್ಟುಕೊಂಡು ಹೊರದಂಡೆಯಲ್ಲಿ ಬಲೆ ಒಣಗಿಸುವ ಬಯಲಿಗೆ ನಡೆದಳು. ಹಿರಿಯರು ಕೂಡುತ್ತಿದ್ದುದು ಅಲ್ಲಿ.

ಐವರಲ್ಲಿ ಮುಖ್ಯಸ್ಥ ಬಲೆ ಹೆಣೆಯುವ ಮುದುಕ. ಎಲ್ಲರಿಗೂ ಅವನು ಬಲೆಯಜ್ಜ. ಅವಳ ಮಾತನ್ನು ಪೂರ್ತಿ ಕೇಳಿ, ಹಲಗೆಯನ್ನು ಮುಟ್ಟದೆ, ಪದ್ಧತಿಯಂತೆ ಬಡಗಿಗೆ ಹೇಳಿಕಳುಹಿಸಿದ. ಬೇಲಿಯೇ ಎದ್ದು ಹೊಲ ಮೇಯ್ದಿರುವಾಗ ಬೇಲಿಯನ್ನೇ ಕರೆದು ಕೇಳುತ್ತೀರಾ ಎಂದು ಅವಳು ಅಂದಳಂತೆ. ದೋಣಿಗೆ ಬೇರೆ ಸಾಕ್ಷಿಯನ್ನು ಹಿರಿಯರು ಕಂಡಿರಲಿಲ್ಲ.

ಬಡಗಿ ಬಂದ. ಹಲಗೆಯನ್ನು ಬೆರಳಗಂಟಿನಿಂದ ತಟ್ಟಿದ, ಮೂಸಿದ. ರಾಳ ತುಂಬಿದ್ದು ಮರದ ಗಂಟು ಬಿದ್ದ ಜಾಗಕ್ಕೆ, ಅದನ್ನು ಎಲ್ಲ ಬಡಗಿಗಳೂ ಮಾಡುತ್ತಾರೆ. ಮಿಕ್ಕ ತೂತುಗಳು ಹತ್ತು ದಿನ ಸಮುದ್ರದಲ್ಲಿ ತೇಲಿದಾಗ ಆದವು ಎಂದ. ಅಲ್ಲಿಗೆ ತೀರ್ಪು ಮುಗಿಯಿತು. ಈ ಹಲಗೆ ಕಣ್ಣೆದುರು ಇದ್ದರೆ ಅವಳ ಸಂಕಟ ಹೆಚ್ಚುತ್ತದೆ ಎಂದು ಹೇಳಿ, ಅದನ್ನು ತಾನೇ ಹೊತ್ತು ತಂದು ರಾಳದ ಒಲೆಗೆ ಹಾಕಿದ. ಟೊಳ್ಳು ಮರ ಉರಿಯುವಾಗ ಸಣ್ಣಗೆ ಸಿಳ್ಳೆ ಹೊಡೆಯುತ್ತದೆ. ಆ ಸಿಳ್ಳೆಯನ್ನು ಅವಳು ಒಲೆಯ ಪಕ್ಕ ನಿಂತು ಕೊನೆಯವರೆಗೂ ಕೇಳಿದಳು.

"ಸಮುದ್ರ ತಗೊಂಡ್ತು ತಂಗಿ," ಎಂದ ಬಡಗಿ. "ಅದು ಕೊಡುತ್ತೆ, ಅದೇ ತಗೊಳುತ್ತೆ. ನಮ್ಮ ಕೈಲೇನಿದೆ?"

"ಭಾವ, ನನಗೆ ಬೇರೇನೂ ಬೇಡ. ಹಲಗೆ ಹುಳ ತಿಂದಿತ್ತು, ಗೊತ್ತಿದ್ದೇ ಹಾಕ್ದೆ ಅಂತ ಆ ಹಿರಿಯರ ಮುಂದೆ ಒಂದು ಮಾತು ಹೇಳಿ. ಅಷ್ಟು ಸಾಕು."

"ನಿನಗೆ ತಲೆ ಕೆಟ್ಟಿದೆ. ಒಳಗೆ ಹೋಗು."

ಹಲಗೆ ಬೂದಿಯಾಗಿತ್ತು. ಇನ್ನು ಉಳಿದಿದ್ದ ಸಾಕ್ಷಿ ಭಾವನ ನಾಲಿಗೆಯೊಂದೇ. ಅದನ್ನು ಹೊರಳಿಸುವುದು ಹೇಗೆಂದು ಅವಳು ಆ ಮಳೆಗಾಲವೆಲ್ಲ ಯೋಚಿಸಿದಳೆಂದು ಹೇಳುವವರು ಹೇಳುತ್ತಾರೆ. ಒಂದು ಸಂಜೆ ಇಳಿತದ ಹೊತ್ತಿನಲ್ಲಿ ಬಾಗಿಲ ಮೆಟ್ಟಿಲ ಮೇಲೆ ಕೂತವಳಿಗೆ ಕೊಲ್ಲಿಯ ಮೂಲೆ ಎಷ್ಟು ಕಿರಿದೆಂಬುದು ಕಣ್ಣಿಗೆ ಬಿತ್ತು. ಎರಡು ಬದಿಗೂ ಕೆಸರು, ನಡುವೆ ದೋಣಿ ಹೋಗುವಷ್ಟು ಆಳದ ಒಂದು ನೀರದಾರಿ. ಆ ದಾರಿ ಇರುವುದರಿಂದ ಅಂಗಳ ಅಂಗಳ; ಅದು ಇಲ್ಲವಾದರೆ ಭಾವ ಗೋಡೆಗೆ ಬಾಚಿ ತೂಗುಹಾಕಿಕೊಂಡ ಬರಿಯ ಒಬ್ಬ ಮನುಷ್ಯ. ಸಮುದ್ರ ತಗೊಂಡ್ತು ಎಂದವನಿಂದ ಸಮುದ್ರವನ್ನೇ ತೆಗೆದುಕೊಳ್ಳಬೇಕು ಎಂದು ಅವಳು ತೀರ್ಮಾನಿಸಿದಳು.

ಮಳೆ ನಿಂತ ಮೇಲೆ ತಡಿಕೆಯ ಮೊದಲ ಸಾಲು. ನನ್ನ ಹಸುವಿಗೆ ಹುಲ್ಲು ಬೇಕು, ಕೆಸರಿನ ಅಂಚಿನಲ್ಲಿ ಒಂದಿಷ್ಟು ಹುಲ್ಲು ಎಬ್ಬಿಸಿಕೊಳ್ಳುತ್ತೇನೆ ಎಂದು ಎಲ್ಲರಿಗೂ ಹೇಳಿದಳು. ಗೂಟವನ್ನು ಬೆಂಕಿಯಲ್ಲಿ ತುದಿ ಸುಟ್ಟು, ಮೊಣಕೈಯ ಆಳಕ್ಕೆ ಇಳಿಸಬೇಕು. ಒಂದು ಗೂಟಕ್ಕೂ ಇನ್ನೊಂದಕ್ಕೂ ಒಂದು ಹೆಜ್ಜೆ ಅಂತರವಿರಬೇಕು. ಕಡ್ಡಿಯನ್ನು ಒಂದರ ಮುಂದೆ, ಒಂದರ ಹಿಂದೆ ಹಾಯಿಸಿ ಎಳೆಯಬೇಕು. ಸೊಂಟದವರೆಗೆ ಕೆಸರಿನಲ್ಲಿ ನಿಂತು ಮಾಡುವ ಕೆಲಸ, ಒಂದು ಜೊತೆ ಕೈಗೆ ಒಗ್ಗುವಂಥದಲ್ಲ. ಎರಡನೆಯ ದಿನವೇ ಓರಗಿತ್ತಿ ಸೀರೆ ಎತ್ತಿ ಕಟ್ಟಿಕೊಂಡು ಕೆಸರಿಗೆ ಇಳಿದಳು. ಗಂಡ ಬೈದರೂ ಕೇಳಲಿಲ್ಲ. ತಂಗಿ ಒಬ್ಬಳೇ ಸಾಯುತ್ತಿದ್ದರೆ ದಡದಲ್ಲಿ ಕೂತು ನೋಡಲೇ ಎಂದಳು. ಅಂದಿನಿಂದ ಇಬ್ಬರೂ ತಡಿಕೆಯ ಒಂದೊಂದು ಬದಿಗೆ ನಿಂತು ಕಡ್ಡಿ ದಾಟಿಸುತ್ತಿದ್ದರು.

ಹೊರದಂಡೆಯವರಿಗೆ ಇದು ಒಳ್ಳೆಯ ತಮಾಷೆಯಾಯಿತು. ಗಂಡ ಹೋದವಳು ಕೆಸರನ್ನು ಕಟ್ಟಿಕೊಂಡಳು ಎಂದರು. ಹಾದುಹೋಗುವ ದೋಣಿಗಳಿಂದ, ಕೈ ಕೆಸರಾದರೆ ಬಾಯಿ ಮೊಸರಂತೆ, ಮೊಸರು ಎಲ್ಲಿ ಎಂದು ಕೂಗುತ್ತಿದ್ದರು. ನಿಮ್ಮ ಬಾಯಿ ತುಂಬೋಷ್ಟು ಆದ ಮೇಲೆ ಕರೆಯುತ್ತೇನೆ ಎಂದು ಅವಳು ತಲೆಯೆತ್ತದೆ ಉತ್ತರಿಸುತ್ತಿದ್ದಳು. ಹೀಗೆ ಅವಳಿಗೆ ಕೆಸರಕ್ಕ ಎಂಬ ಹೆಸರು ಬಿತ್ತು. ಅವಳ ಹುಟ್ಟುಹೆಸರು ಯಾವ ಹೇಳಿಕೆಯಲ್ಲೂ ಉಳಿದಿಲ್ಲ.

ಬಡಗಿ ತಡಿಕೆಯನ್ನು ಕೀಳಬಹುದಿತ್ತು, ಕೀಳಲಿಲ್ಲ. ಅವನಿಗೆ ಮರ ತಿಳಿದಿತ್ತು, ಕೆಸರು ತಿಳಿದಿರಲಿಲ್ಲ. ತಡಿಕೆಗಳು ಬಂದ ಮೇಲೆ ಅಂಗಳದ ಮುಂದಿನ ನೀರು ಅಲುಗಾಡುವುದು ನಿಂತು ಕೊಳದಂತಾಯಿತು. ಇಳಿಸಿದ ದೋಣಿ ಬಂಡೆಗೆ ತಾಗುವ ಭಯ ತಪ್ಪಿತು. ನಾದಿನಿಯ ಹುಚ್ಚಿನಿಂದ ನನಗೂ ಒಂದು ಉಪಕಾರವಾಯಿತು ಎಂದು ಅವನು ನಗುತ್ತಿದ್ದ. ಅಷ್ಟೇ ಅಲ್ಲ, ಮರದ ಕೊಂಬೆರೆಂಬೆ, ಸಿಪ್ಪೆ, ವಕ್ರವಾದ ತುಂಡುಗಳನ್ನು ಎಸೆಯುವುದಕ್ಕೆ ಅವನಿಗೆ ಜಾಗವಿರಲಿಲ್ಲ. ಅವನ್ನೆಲ್ಲ ಅವಳ ಬಾಗಿಲಿಗೆ ತಾನೇ ತಂದು ಹಾಕುತ್ತಿದ್ದ. ಕೆಸರಕ್ಕ ಪ್ರತಿ ಸಲವೂ, ನಿಮ್ಮ ಉಪಕಾರ ಮರೆಯೋಲ್ಲ ಭಾವ, ಎನ್ನುತ್ತಿದ್ದಳು. ತನ್ನ ಕಾಲ ಮೇಲೆ ಕಲ್ಲು ಹಾಕಿಕೊಂಡವರ ಕಥೆಗಳು ಬೇಕಾದಷ್ಟಿವೆ. ಕಲ್ಲನ್ನು ಹನ್ನೊಂದು ವರ್ಷ ಸ್ವತಃ ಹೊತ್ತು ತಂದುಕೊಟ್ಟವನ ಕಥೆ ಇದೊಂದೇ.

ಸಾಲುಗಳ ಸಂಖ್ಯೆಯಲ್ಲಿ ಹೇಳುವವರಿಗೆ ಒಮ್ಮತವಿಲ್ಲ. ಕೆಲವರು ಇಪ್ಪತ್ತೆರಡು ಎನ್ನುತ್ತಾರೆ, ಹೆಂಗಸರು ಹೇಳುವ ಪಾಠದಲ್ಲಿ ಮೂವತ್ತಕ್ಕೆ ಒಂದು ಕಡಿಮೆ. ಹನ್ನೊಂದು ವರ್ಷ ಎಂಬುದರಲ್ಲಿ ಮಾತ್ರ ಭೇದವಿಲ್ಲ. ಎರಡು ಬದಿಯ ಕೆಸರೂ ಏರಿತು, ಮೊದಲು ಉಪ್ಪುಸೊಪ್ಪು ಮೊಳೆಯಿತು, ಆಮೇಲೆ ಹುಲ್ಲು. ನಡುವಿನ ನೀರದಾರಿ ಮಾತ್ರ ಮುಚ್ಚಲೊಲ್ಲದು. ಬಡಗಿ ವರ್ಷಕ್ಕೆ ನಾಲ್ಕೈದು ದೋಣಿಗಳನ್ನು ಇಳಿಸುತ್ತಿದ್ದ, ರಿಪೇರಿಯ ದೋಣಿಗಳು ವಾರವಾರವೂ ಒಳಗೆ ಬಂದು ಹೋಗುತ್ತಿದ್ದವು. ದೋಣಿಯ ತಳ ಉಜ್ಜಿದಷ್ಟೂ ದಾರಿಯ ಹೂಳು ಕದಡಿ, ಇಳಿತದೊಂದಿಗೆ ಹೊರಟುಹೋಗುತ್ತಿತ್ತು. ಕಾಲುದಾರಿಯಲ್ಲಿ ಜನ ನಡೆಯುವಷ್ಟು ದಿನ ಹುಲ್ಲು ಹುಟ್ಟದು, ನೀರದಾರಿಯೂ ಹಾಗೆಯೇ. ಇದು ಕೆಸರಕ್ಕನಿಗೆ ತಿಳಿದಿತ್ತು. ಅವಳು ಕಾದಳು.

ಒಂಬತ್ತನೆಯ ವರ್ಷ ದೂರದ ಊರಿನಿಂದ ಒಬ್ಬ ದೋಣಿ ಯಜಮಾನ ಬಂದ. ಹದಿನೆಂಟು ಹುಟ್ಟಿನ ದೋಣಿ ಬೇಕು, ಆ ದಂಡೆಯಲ್ಲಿ ಯಾರೂ ಕಂಡಿರದಷ್ಟು ದೊಡ್ಡದು ಎಂದ. ಬಡಗಿಯ ತಲೆ ತಿರುಗಿತು. ಅಂಥ ದೋಣಿ ಕಟ್ಟಿದವನ ಹೆಸರು ಸತ್ತ ಮೇಲೂ ನಿಲ್ಲುತ್ತದೆ ಎಂದುಕೊಂಡ. ಅದರ ಬೆನ್ನುಮರ ಒಂದೇ ಇಡೀ ಅಂಗಳವನ್ನು ಹಿಡಿಯಿತು. ಬೇರೆ ಕೆಲಸಕ್ಕೆ ಸ್ಥಳವಿರಲಿಲ್ಲ. ಹೊರದಂಡೆಯವರ ಸಣ್ಣಪುಟ್ಟ ದೋಣಿಗಳನ್ನು ಎರಡು ವರ್ಷ ಇತ್ತ ತರಬೇಡಿ ಎಂದುಬಿಟ್ಟ. ಬೆನ್ನುಮರ ಕೂರಿಸಿದ ದಿನ ಕೆಸರಕ್ಕ ಬಾಗಿಲಲ್ಲಿ ನಿಂತು ಅದರ ಉದ್ದವನ್ನು ಕಣ್ಣಿನಲ್ಲೇ ಅಳೆದಳು. ಮರುದಿನ ಓರಗಿತ್ತಿಯನ್ನು ಕರೆದುಕೊಂಡು ಹೋಗಿ ನೀರದಾರಿಯ ಬಾಯಿಗೆ ಅಡ್ಡಲಾಗಿ, ಒಂದು ದಡದಿಂದ ಇನ್ನೊಂದು ದಡದವರೆಗೆ, ಗೂಟ ನೆಡಲು ಶುರುಮಾಡಿದಳು.

ಓರಗಿತ್ತಿ ಗೂಟ ಹಿಡಿದು ಈ ದಡದಿಂದ ಆ ದಡದವರೆಗೆ ಕಣ್ಣು ಹಾಯಿಸಿದಳು. ಹನ್ನೊಂದು ವರ್ಷದಲ್ಲಿ ಅವಳು ಕೇಳಿದ ಪ್ರಶ್ನೆ ಅದೊಂದೇ.

"ಇದು ಹುಲ್ಲಿಗಲ್ಲ ಅಲ್ವೇನೇ?"

"ಅಲ್ಲ ಅಕ್ಕ. ಬೇಡ ಅನ್ಸಿದ್ರೆ ಹೋಗು."

ಅವಳು ಹೋಗಲಿಲ್ಲ. ಗೂಟವನ್ನು ನೇರ ಹಿಡಿದಳು, ಕೆಸರಕ್ಕ ಬಡಿದಳು.

ಎರಡು ವರ್ಷ ಬಡಗಿ ತಲೆಯೆತ್ತಲಿಲ್ಲ. ಅವನ ಬೆನ್ನು ಸದಾ ನೀರಿನ ಕಡೆಗೆ, ಕಣ್ಣು ಮರದ ಮೇಲೆ. ಉಬ್ಬರದ ಹೊತ್ತಿನಲ್ಲಿ ತಿರುಗಿ ನೋಡಿದರೂ ಅವನಿಗೆ ಕಾಣುತ್ತಿದ್ದುದು ದಡದಿಂದ ದಡಕ್ಕೆ ಹರಡಿದ ನೀರೇ. ಅದರ ಆಳ ಗೇಣಿಗೆ ಇಳಿದಿದೆ ಎಂಬುದನ್ನು ಮೇಲಿನಿಂದ ನೋಡಿದ ಕಣ್ಣು ಹೇಳಲಾರದು. ದೋಣಿಯ ತಳ ಹೇಳಬೇಕು, ದೋಣಿ ಇನ್ನೂ ಅಂಗಳದಲ್ಲಿತ್ತು. ಕೊನೆಯ ಹಲಗೆ ಕೂರಿಸಿ, ನಾರು ತುರುಕಿ, ರಾಳ ಬಳಿದು ಮುಗಿದ ಮೇಲೆ ಅವನು ಇಳಿಜಾರಿನ ಕೆಳಗೆ ಹೋಗಿ ಒಂದು ಕೋಲನ್ನು ನೀರಿಗೆ ಇಳಿಸಿದ. ಕೋಲು ಅವನ ಮೊಣಕಾಲಿಗಿಂತ ಕೆಳಗೇ ನಿಂತಿತು. ಇನ್ನೂ ಹತ್ತು ಹೆಜ್ಜೆ ಹೋಗಿ ಇಳಿಸಿದ. ಅಲ್ಲಿಯೂ ಅಷ್ಟೇ. ಅವನು ಕೊಡಲಿ ಹಿಡಿದು ತಡಿಕೆಗಳ ಕಡೆಗೆ ಓಡಿದಾಗ ಅಲ್ಲಿ ಬಲೆಯಜ್ಜ ಕೂತಿದ್ದ. ಕೆಸರಕ್ಕ ಹಿಂದಿನ ದಿನವೇ ಹಸು ಕರೆದಿದ್ದಳು; ಕರೆದ ಮೇಲೆ ತೀರ್ಪಿನವರೆಗೆ ತಡಿಕೆಯನ್ನು ಯಾರೂ ಮುಟ್ಟುವಂತಿರಲಿಲ್ಲ.

ನೀರನ್ನು ಕಳೆದುಕೊಳ್ಳುವವರ ಕೊಟ್ಟಿಗೆಯಿಂದಲೇ ಹಸು ಬರಬೇಕು ಎಂಬುದು ನಿಯಮ. ಬಡಗಿ ತನ್ನ ಮನೆಯ ಗಬ್ಬದ ಹಸುವನ್ನು ಆರಿಸಿದ. ಆರು ದಿನ ಅದಕ್ಕೆ ಹೊಟ್ಟೆ ಬಿರಿಯುವಷ್ಟು ಮೇವು ಹಾಕಿದ, ಆ ದಿನ ಬೆಳಿಗ್ಗೆ ಎರಡು ಕೊಳಗ ನೀರು ಕುಡಿಸಿದ. ಆ ಹಸು ನಡೆದು ಬರುವಾಗ ದೋಣಿಯೇ ನಡೆದು ಬಂದಂತಿತ್ತೆಂದು ಹೇಳುವವರು ಇಲ್ಲಿ ನಗುವುದುಂಟು. ನೀರದಾರಿ ಇದ್ದ ಜಾಗದ ನಟ್ಟನಡುವೆ ಅದನ್ನು ನಿಲ್ಲಿಸಿದರು. ಬಲೆಯಜ್ಜ ಎಣಿಸತೊಡಗಿದ. ಎಪ್ಪತ್ತರವರೆಗೆ ಬಂದವನಿಗೆ ಕೆಮ್ಮು ಹತ್ತಿ ಲೆಕ್ಕ ತಪ್ಪಿತು. ಬಡಗಿ ಮೊದಲಿನಿಂದ ಎಣಿಸಿ ಎಂದು ಹಟ ಹಿಡಿದ, ಅಜ್ಜ ಮೊದಲಿನಿಂದ ಎಣಿಸಿದ. ಹೀಗೆ ನೂರು ನಿಲ್ಲಬೇಕಾದ ಹಸು ನೂರ ಎಪ್ಪತ್ತು ನಿಂತು, ಬೇಸರವಾಗಿ, ತಲೆ ತಗ್ಗಿಸಿ ಅಲ್ಲಿಯ ಹುಲ್ಲನ್ನೇ ಮೇಯತೊಡಗಿತು. ಹಿರಿಯರು ಬಗ್ಗಿ ನೋಡಿದರು. ಗೊರಸಿನ ಗುರುತು ಒದ್ದೆ ಮಣೆಯ ಮೇಲೆ ಒತ್ತಿದಷ್ಟೂ ಇರಲಿಲ್ಲ.

ಅಂಗಳಕ್ಕೂ ಸಮುದ್ರಕ್ಕೂ ನಡುವೆ ನಾನೂರು ಹೆಜ್ಜೆ ನೆಲ, ಅಷ್ಟೂ ಕೆಸರಕ್ಕನದು.

ಎಂಟು ದಿನದ ಮೇಲೆ ದೋಣಿ ಯಜಮಾನ ತನ್ನ ಹದಿನೆಂಟು ಜನರೊಂದಿಗೆ ದೋಣಿ ಒಯ್ಯಲು ಬಂದ. ಹುಲ್ಲುಗಾವಲಿನ ಅಂಚಿನಲ್ಲಿ ನಿಂತ ತನ್ನ ದೋಣಿಯನ್ನು ಕಂಡು, ಬಡಗಿಗಳು ಇದಕ್ಕೆ ಗಾಲಿ ಹಾಕೋದು ಮರೆತಿದ್ದಾರೆ ಎಂದ. ಅವನ ಜನ ನಕ್ಕರು. ಬಡಗಿ ನಗಲಿಲ್ಲ. ಉಳಿದಿದ್ದ ದಾರಿ ಒಂದೇ: ಆ ನೆಲದ ನಡುವೆ ಕಾಲುವೆ ತೋಡಿ, ದೊಡ್ಡ ಉಬ್ಬರದ ನೀರನ್ನು ಅಂಗಳದವರೆಗೆ ತರುವುದು. ತೋಡಲು ಜನರಿದ್ದರು. ನೆಲದೊಡತಿ ಒಪ್ಪಬೇಕಿತ್ತು.

ಬಲೆ ಒಣಗಿಸುವ ಬಯಲಿನಲ್ಲಿ ಹಿರಿಯರು ಮತ್ತೆ ಕೂಡಿದರು. ಹೊರದಂಡೆಯವರೆಲ್ಲ ಬಂದಿದ್ದರು. ಯಜಮಾನ ಮರ್ಯಾದೆಯಿಂದ ಕೇಳಿದ, ಬಡಗಿ ಹಲ್ಲು ಕಚ್ಚಿಕೊಂಡು ಕೇಳಿದ. ಕೆಸರಕ್ಕ ಇಬ್ಬರ ಮಾತನ್ನೂ ಕೇಳಿಸಿಕೊಂಡು, ಕಾಲುವೆ ಕೊಡುತ್ತೇನೆ, ಅದಕ್ಕೆ ಬದಲಾಗಿ ನನಗೆ ಏನು ಬೇಕೆಂದು ಭಾವನಿಗೆ ಗೊತ್ತು ಎಂದಳು.

ಬಡಗಿ ಅಂಗಳದ ದಿಕ್ಕಿಗೆ ತಿರುಗಿದ. ಎರಡು ವರ್ಷದ ಕೆಲಸ, ಸತ್ತ ಮೇಲೂ ನಿಲ್ಲಬೇಕಾಗಿದ್ದ ಹೆಸರು, ಎರಡೂ ಆ ಹುಲ್ಲಿನ ಅಂಚಿನಲ್ಲಿ ನಿಂತಿದ್ದವು.

"ಹಲಗೆ ಹುಳ ತಿಂದಿತ್ತು," ಎಂದ. "ಹಳೇ ದೋಣೀದು. ಹೊಸ ಮರ ಬೇರೆಯವರಿಗೆ ಅಂತ ತೆಗೆದಿಟ್ಟಿದ್ದೆ. ತಮ್ಮನದು ತಾನೇ, ಒಂದು ಕಾಲ ತಡೆಯುತ್ತೆ, ಆಮೇಲೆ ಬದಲಾಯಿಸಿದರಾಯ್ತು ಅಂದ್ಕೊಂಡೆ."

"ಗೊತ್ತಿದ್ದೇ ಹಾಕಿದ್ರಾ?"

"ಗೊತ್ತಿತ್ತು. ನನಗೊಬ್ಬನಿಗೇ ಅಲ್ಲ. ಪುಡಿ ಕಲಸಿ ರಾಳ ಕಾಯಿಸಿ ಕೊಟ್ಟಿದ್ದು ಇವಳು."

ಎಲ್ಲರ ಕಣ್ಣೂ ಬಡಗಿಯ ಹೆಂಡತಿಯ ಕಡೆಗೆ ತಿರುಗಿತು. ಕೆಸರಕ್ಕ ಮಾತ್ರ ತಿರುಗಲಿಲ್ಲ. ಬಲೆಯಜ್ಜ ಕೈಮುಗಿದು, ಹನ್ನೊಂದು ವರ್ಷದ ಹಿಂದೆ ನಾವು ಕೊಟ್ಟದ್ದು ತೀರ್ಪಲ್ಲ ಮಗಳೇ, ಎಂದ. ಅವಳು, ನಾಳೆಯಿಂದ ತೋಡಿಕೊಳ್ಳಿ ಎಂದಷ್ಟೇ ಯಜಮಾನನಿಗೆ ಹೇಳಿ, ಒಬ್ಬಳೇ ಮನೆಗೆ ನಡೆದಳು.

ಒಂಬತ್ತು ದಿನ ಹದಿನೆಂಟು ಜನ ತೋಡಿದರು. ಹತ್ತನೆಯ ದಿನ ಮಧ್ಯಾಹ್ನ ದೊಡ್ಡ ಉಬ್ಬರ ಬಂತು. ನೀರು ಕಾಲುವೆಯಲ್ಲಿ ನೊರೆ ತಳ್ಳಿಕೊಂಡು ಏರಿ ಇಳಿಜಾರನ್ನು ಮುಟ್ಟಿತು. ಕಟ್ಟು ಬಿಚ್ಚಿದರು. ದೋಣಿ ಉರುಳುಮರಗಳ ಮೇಲೆ ನರಳುತ್ತ ಜಾರಿ, ನೀರನ್ನು ಎರಡು ಬದಿಗೂ ಚಿಮ್ಮಿಸಿ, ನೆಟ್ಟಗೆ ನಿಂತು ತೇಲಿತು. ಅದು ಸುಂದರವಾದ ದೋಣಿಯೆಂಬುದನ್ನು ಕೆಸರಕ್ಕನ ಪಕ್ಷ ವಹಿಸಿ ಹೇಳುವವರೂ ಒಪ್ಪುತ್ತಾರೆ.

ಯಜಮಾನ ತನ್ನ ಜನರಿಗೆ ಸನ್ನೆ ಮಾಡಿದ. ಅವರು ಹುಟ್ಟುಗಳನ್ನು ಹೆಗಲ ಮೇಲಿಟ್ಟುಕೊಂಡು ಕಾಲುವೆಯ ಅಂಚಿಗೆ ಬಂದರು, ಬಂದು ನಿಂತರು. ಮುಂದಿನವನು ಹಿಂದಿನವನಿಗೆ ದಾರಿ ಬಿಟ್ಟ, ಹಿಂದಿನವನು ಮುಂದಿನವನಿಗೆ. ಒಂಬತ್ತು ದಿನ ಗುದ್ದಲಿ ಹಿಡಿದಾಗಲೂ ಅವರ ಕಿವಿಯಲ್ಲಿ ಒಂದೇ ಮಾತು ಇದ್ದಿರಬೇಕು. ಸ್ವಂತ ತಮ್ಮನಿಗೆ ಹುಳ ತಿಂದ ಹಲಗೆ ಹಾಕಿದವನು ಪರವೂರಿನ ಹದಿನೆಂಟು ಜನರಿಗೆ ಏನು ಹಾಕಿರಬಹುದು? ರಾಳದ ಅಡಿಯಲ್ಲಿ ಏನಿದೆಯೆಂದು ಕಂಡವರು ಯಾರು? ಬಡಗಿ, ಇದರಲ್ಲಿ ಒಂದು ಹಳೆಯ ಮೊಳೆಯೂ ಇಲ್ಲ, ಎಲ್ಲ ಹೊಸ ಮರ ಎಂದು ಎದೆ ಮುಟ್ಟಿಕೊಂಡು ಹೇಳಿದ. ಹನ್ನೊಂದು ವರ್ಷದ ಹಿಂದೆಯೂ ಅವನು ಹೀಗೆಯೇ ಹೇಳಿದ್ದನೆಂದು ಗುಂಪಿನಲ್ಲಿ ಯಾರೋ ಮೆಲ್ಲಗೆ ಅಂದರು.

ಕೆಸರಕ್ಕ ಕಾಲುವೆಯ ಆಚೆಯ ದಡದಲ್ಲಿ ನಿಂತಿದ್ದಳು.

"ಯಜಮಾನ್ರೇ, ಪಾಪ ನಿಮ್ಮ ಜನ ಯಾಕೆ ಮೊದಲು ಹತ್ತಬೇಕು?" ಎಂದಳು. "ಕಟ್ಟಿದವರು ಹತ್ತಲಿ. ಹೊರತಿರುವಿನ ತನಕ ಹೋಗಿ ಬರಲಿ. ಆಮೇಲೆ ನೀವು ಹತ್ತಿ."

ಮಾತು ನ್ಯಾಯವಾಗಿತ್ತು. ಯಜಮಾನ ತಾನೇ ಹಲಗೆಯ ಮೆಟ್ಟಿಲನ್ನು ದೋಣಿಗೆ ಚಾಚಿ, ಬನ್ನಿ ಬಡಗಿಗಳೇ, ನಾನೂ ನಿಮ್ಮ ಜೊತೆ ಕೂರುತ್ತೇನೆ ಎಂದ. ಬಡಗಿ ಮೆಟ್ಟಿಲಿನ ಬುಡಕ್ಕೆ ಬಂದ. ಈವರೆಗೆ ಕಟ್ಟಿದ ಯಾವ ದೋಣಿಯನ್ನೂ ಹತ್ತಿ ಅವನು ಕೊಲ್ಲಿ ದಾಟಿದವನಲ್ಲ ಎಂಬುದು ಆಗ ಎಲ್ಲರಿಗೂ ಹೊಳೆಯಿತು. ಅವನ ಬಲಗಾಲು ಮೇಲೆದ್ದಿತು, ಮೆಟ್ಟಿಲನ್ನು ಮುಟ್ಟಿತು, ಮತ್ತೆ ನೆಲಕ್ಕೆ ಬಂತು. ಎರಡನೆಯ ಸಲ ಏಳಲೇ ಇಲ್ಲ.

ಇಲ್ಲಿ ಎರಡು ಪಾಠಗಳಿವೆ. ಒಂದು ಪಾಠದಲ್ಲಿ ಆ ದೋಣಿಯ ಬುಡದಲ್ಲಿಯೂ ಮೂರು ಹಳೆಯ ಹಲಗೆಗಳಿದ್ದವು, ಅವನಿಗೆ ಅದು ಗೊತ್ತಿತ್ತು. ಇನ್ನೊಂದು ಪಾಠದಲ್ಲಿ ಮರವೆಲ್ಲ ಹೊಸದು, ಗಟ್ಟಿ. ತಮ್ಮ ಮುಳುಗಿದ ಆ ತಿರುವನ್ನು ನೋಡುವ ಧೈರ್ಯ ಮಾತ್ರ ಅವನಿಗಿರಲಿಲ್ಲ. ಎರಡನೆಯದನ್ನು ಹೇಳುವವರೇ ಹೆಚ್ಚು. ಯಾವುದಾದರೂ ನಡೆದದ್ದು ಒಂದೇ. ಯಜಮಾನ ಮೆಟ್ಟಿಲನ್ನು ಹಿಂದಕ್ಕೆಳೆದು ಪಕ್ಕಕ್ಕಿಟ್ಟ. ಅವನ ಹದಿನೆಂಟು ಜನ ತಮ್ಮ ಹುಟ್ಟುಗಳನ್ನು ಹೆಗಲ ಮೇಲೆ ಹೊತ್ತುಕೊಂಡೇ, ಅವನ ಹಿಂದೆ ಸಾಲಾಗಿ, ಹುಲ್ಲಿನ ಮೇಲೆ ನಡೆದು ಹೋದರು. ಹೊರದಂಡೆಯವರೂ ಒಬ್ಬೊಬ್ಬರಾಗಿ ಸರಿದರು. ಅಂದಿನಿಂದ ಆ ಅಂಗಳಕ್ಕೆ ಒಂದು ಹುಟ್ಟಿನ ಹಿಡಿ ಸರಿಮಾಡಿಸಲೂ ಯಾರೂ ಬರಲಿಲ್ಲ.

ಇಳಿತ ಶುರುವಾಗುವ ಮೊದಲೇ ಕೆಸರಕ್ಕ ಕಾಲುವೆಯ ಬಾಯಿಗೆ ಹೋಗಿ, ತೋಡಿ ರಾಶಿ ಹಾಕಿದ್ದ ಮಣ್ಣನ್ನು ಗುದ್ದಲಿಯಿಂದ ಎಳೆದು ಕಾಲುವೆಗೆ ಹಾಕತೊಡಗಿದಳು. ದೋಣಿ ಒಳಗೇ ಇತ್ತು. ಕಾಲುವೆ ಕೊಡುತ್ತೇನೆ ಎಂದಿದ್ದಳು, ಕೊಟ್ಟಾಗಿತ್ತು. ಎಷ್ಟು ದಿನಕ್ಕೆ ಎಂದು ಯಾರೂ ಕೇಳಿರಲಿಲ್ಲ.

ಸ್ವಲ್ಪ ಹೊತ್ತಿಗೆ ಓರಗಿತ್ತಿ ಬಂದಳು. ಅವಳ ಕೈಯಲ್ಲೂ ಒಂದು ಗುದ್ದಲಿ ಇತ್ತು. ಎದುರು ದಡದಲ್ಲಿ ನಿಂತು ಮಣ್ಣಿಗೆ ಗುದ್ದಲಿ ಹಾಕಿದಳು.

"ನೀನು ಬೇಡ ಅಕ್ಕ," ಎಂದಳು ಕೆಸರಕ್ಕ.

"ಹನ್ನೊಂದು ವರ್ಷ ನಿನ್ನ ಜೊತೆ ಹೆಣೆದೆನಲ್ಲೇ."

"ಹೆಣೆದೆ. ಹನ್ನೊಂದು ವರ್ಷ ನನ್ನ ಮುಖ ನೋಡ್ಕೊಂಡು ಹೆಣೆದೆ, ಹೇಳ್ಲಿಲ್ಲ."

ಓರಗಿತ್ತಿ ಗುದ್ದಲಿಯನ್ನು ಮಣ್ಣಿನಿಂದ ಬಿಡಿಸಿಕೊಂಡಳು. ಅದರ ಅಂಚಿಗೆ ಹತ್ತಿದ ಕೆಸರನ್ನು ಹೆಬ್ಬೆರಳಿನಿಂದ ಒರೆಸಿದಳು. ಹೋಗುವುದಕ್ಕೆ ಮುಂಚೆ ಒಂದು ಮಾತು ಕೇಳಿದಳು ಎನ್ನುತ್ತಾರೆ, ಈಗಲಾದರೂ ನಿನಗೆ ಸಮಾಧಾನವಾಯಿತೇ ಎಂದು. ಕೆಸರಕ್ಕ ಮಣ್ಣು ಎಳೆಯುವುದನ್ನು ನಿಲ್ಲಿಸದೆ, ಇಲ್ಲ ಎಂದಳು.

ಓರಗಿತ್ತಿ ತನ್ನ ಬಾಗಿಲಿಗೆ ಹೋದಳು. ಕಾಲುವೆಯ ಬಾಯಿ ಅಗಲವಾಗಿತ್ತು, ಹದಿನೆಂಟು ಜನ ತೋಡಿದ್ದು. ಕೆಸರಕ್ಕ ಅದನ್ನು ಒಬ್ಬಳೇ ಮುಚ್ಚಿದಳು.